ಮೊದಲು ಒಂದು ಹನಿ ರಕ್ತ ನೋಡಿ

(ವಿಶ್ವ ಸಿಎಂಎಲ್ ದಿನದಂದು ಕಲಬುರಗಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಸೆಪ್ಟೆಂಬರ್ 22. ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರಿಗೆ ಈ ತಾರೀಖು ಯಾಕೆ ಅಂತ ಮೆಡಿಕಲ್ ಕಾಲೇಜಿನ ಹುಡುಗರಿಗೆ ಗೊತ್ತು. ಉಳಿದವರಿಗೆ ಹೇಳ್ತೇನೆ. ಈ ಕಾಯಿಲೆಯಲ್ಲಿ 9ನೇ ಕ್ರೋಮೋಸೋಮಿನ ಒಂದು ತುಂಡು 22ನೆಯದಕ್ಕೂ, 22ನೆಯದರ ತುಂಡು 9ನೆಯದಕ್ಕೂ ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಒಂಬತ್ತನೇ ತಿಂಗಳ 22. ಐದು ದಿನದ ಹಿಂದಷ್ಟೇ ಕಲ್ಯಾಣ ಕರ್ನಾಟಕ ಉತ್ಸವ ಮುಗಿಸಿದ್ದೀರಿ. ಆ ಓಡಾಟದ ದಣಿವು ಆರುವ ಮೊದಲೇ ಕ್ಯಾನ್ಸರ್ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ನನಗೆ ತುಂಬಾ ಸಂತೋಷ. ಆಶಾ ಕಾರ್ಯಕರ್ತೆಯರು ಮಾತ್ರ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ನನ್ನ ಅರ್ಧ ಮಾತು ನಿಮಗಾಗಿಯೇ ಇದೆ, ದಯವಿಟ್ಟು ಮುಂದೆ ಬನ್ನಿ. ಮುಂದಿನ ಕುರ್ಚಿಗಳು ಗಣ್ಯರಿಗೆ ಅಂತ ಇಟ್ಟಿದ್ದಂತೆ. ಇವತ್ತಿನ ಗಣ್ಯರು ನೀವೇ.

ಸಂಘಟಕರು ನನಗೆ ಕೊಟ್ಟ ವಿಷಯ 'ರಕ್ತದ ಕ್ಯಾನ್ಸರ್: ಪತ್ತೆ ಮತ್ತು ಚಿಕಿತ್ಸೆಯಲ್ಲಿ ಇತ್ತೀಚಿನ ಪ್ರಗತಿ'. ಪ್ರಗತಿ ಬಹಳ ಆಗಿದೆ, ಹೇಳ್ತೇನೆ. ಆದರೆ ನನ್ನ ಸಂಕಟ ಬೇರೆ. ಔಷಧ ಬಂದು ಕೂತಿದೆ, ನಮ್ಮ ಭಾಗದ ರೋಗಿ ಅದರ ಹತ್ತಿರ ಬರೋದು ತಡ ಆಗ್ತಿದೆ. ತಡ ಆಗೋದು ಬೆಂಗಳೂರಿನ ರೈಲು ಹತ್ತುವಾಗ ಅಲ್ಲ. ಅದಕ್ಕೂ ಬಹಳ ಮೊದಲು, ಒಂದು ಹನಿ ರಕ್ತವನ್ನು ಸ್ಲೈಡ್ ಅನ್ನುವ ಗಾಜಿನ ಪಟ್ಟಿ ಮೇಲೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತಲ್ಲ, ಅಲ್ಲಿ.

ಯಾಕೆ ನೋಡಲ್ಲ? ರಕ್ತದ ಕ್ಯಾನ್ಸರ್ ನಮ್ಮಲ್ಲಿ ಬೇರೆ ಕಾಯಿಲೆಯ ವೇಷದಲ್ಲಿ ಬರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂದರೆ, ಸುಸ್ತು ಅಂದ ಕೂಡಲೇ "ರಕ್ತ ಕಡಿಮೆ ಅದ" ಅಂತ ಎಲ್ಲರೂ ತೀರ್ಮಾನ ಮಾಡಿಬಿಡ್ತಾರೆ. ಟಾನಿಕ್ ಕುಡಿಸ್ತಾರೆ. ಸಲಾಯಿನ್ ಹಚ್ಚಿಸ್ತಾರೆ. ಜ್ವರದ ಜೊತೆ ಪ್ಲೇಟ್‌ಲೆಟ್ ಇಳಿದರೆ ಡೆಂಗಿ ಅಂತಾರೆ, ಪಪ್ಪಾಯಿ ಎಲೆ ಹುಡುಕ್ತಾರೆ. ಕುತ್ತಿಗೆಯಲ್ಲಿ ಗಂಟಾದರೆ ಟಿಬಿ ಅಂತ ತಿಂಗಳುಗಟ್ಟಲೆ ಗುಳಗಿ. ಇವು ನಿಜವಾಗಿಯೂ ನಮ್ಮಲ್ಲಿರುವ ಕಾಯಿಲೆಗಳೇ. ಹೆಚ್ಚಿನ ಸಲ ಆ ಅಂದಾಜು ಸರಿಯೂ ಇರುತ್ತದೆ. ಅದಕ್ಕೇ ತಪ್ಪಿದ್ದು ಯಾರ ಕಣ್ಣಿಗೂ ಬೀಳೋದಿಲ್ಲ.

ಆಶಾ ತಾಯಂದಿರೇ, ಇದೊಂದನ್ನು ಬರೆದುಕೊಳ್ಳಿ. ಸಿಬಿಸಿ, ಅಂದರೆ ರಕ್ತದ ಕಣ ಎಣಿಸುವ ಪರೀಕ್ಷೆಯ ರಿಪೋರ್ಟಿನಲ್ಲಿ ಮೂರು ಸಾಲು ನೋಡಿ: ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್. ಹಿಮೋಗ್ಲೋಬಿನ್ ಒಂದೇ ಕಡಿಮೆ ಇದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಮೂರರಲ್ಲಿ ಎರಡು ಕೆಟ್ಟಿದ್ದರೆ ಟಾನಿಕ್ ಮೇಲೆ ಬಿಡಬೇಡಿ, ಸ್ಲೈಡ್ ನೋಡಿಸಿ ಅಂತ ಡಾಕ್ಟರಿಗೆ ಕೇಳಿ. ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಸುಮಾರು ಒಂದು ವಾರ, ಹತ್ತು ದಿನದಲ್ಲಿ ಮೇಲೆ ಬರುತ್ತದೆ. ಬರದಿದ್ದರೆ ಆಗಲೂ ಸ್ಲೈಡ್. ಕುತ್ತಿಗೆ ಗಂಟಿನಿಂದ ಒಂದು ತುಂಡು ತೆಗೆದು ಪರೀಕ್ಷೆ ಮಾಡಿಸದೆ ಟಿಬಿ ಗುಳಗಿ ಶುರು ಮಾಡಬಾರದು. ಲಿಂಫೋಮಾ ಅನ್ನುವ ದುಗ್ಧ ಗ್ರಂಥಿಯ ಕ್ಯಾನ್ಸರ್ ಕೂಡ ಹಾಗೇ ಗಂಟಾಗಿ ಬರುತ್ತದೆ.

ಈಗ ಸಿಎಂಎಲ್. ಚಿಂಚೋಳಿ ಕಡೆಯ ಒಬ್ಬ ಅವ್ವನ ಕಥೆ ಹೇಳಬೇಕು. ಹೆಸರು ಹೇಳೋದಿಲ್ಲ. ಆಕೆ ಜೋಳದ ರೊಟ್ಟಿ ಬಡಿದು ಮಾರುವವರು, ಗಟ್ಟಿ ಜೀವ. "ಎರಡು ತುತ್ತಿಗೇ ಹೊಟ್ಟಿ ತುಂಬ್ತದ ರೀ" ಅಂತ ಊರೂರು ತೋರಿಸಿಕೊಂಡರು. ಎಲ್ಲ ಕಡೆ ಗ್ಯಾಸಿನ ಗುಳಗಿ ಕೊಟ್ಟರು. ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ, ಅಂದರೆ ಸ್ಪ್ಲೀನ್, ಊದಿ ಹೊಕ್ಕಳವರೆಗೆ ಬಂದಿತ್ತು. ಊಟಕ್ಕೆ ಜಾಗ ಎಲ್ಲಿ? ಯಾರೂ ಅಂಗಾತ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿರಲಿಲ್ಲ.

ಕೊನೆಗೆ ಹಿಡಿದದ್ದು ಯಾರು ಗೊತ್ತಾ? ತಾಲೂಕಿನ ಒಂದು ಸಣ್ಣ ಲ್ಯಾಬಿನ ಟೆಕ್ನಿಷಿಯನ್ ಹುಡುಗ. ಬಿಳಿ ಕಣ 2 ಲಕ್ಷ 40 ಸಾವಿರ ಅಂತ ಮಷಿನ್ ತೋರಿಸ್ತು. ಇರಬೇಕಾದ್ದು 4 ಸಾವಿರದಿಂದ 11 ಸಾವಿರ. ಮಷಿನ್ ಕೆಟ್ಟಿದೆ ಅಂತ ಸುಮ್ನೆ ಬಿಡಬಹುದಿತ್ತು. ಬಿಡಲಿಲ್ಲ. ಲೀಶ್ಮನ್ ಬಣ್ಣ ಹಾಕಿ ಸ್ಲೈಡ್ ಮಾಡಿದ, ನೋಡಿದ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿದ. ನಾನು ಎಲ್ಲೇ ಹೋದರೂ ಆ ಹುಡುಗನ ಸುದ್ದಿ ಹೇಳ್ತೇನೆ. ಇಲ್ಲಿ ಲ್ಯಾಬ್ ಟೆಕ್ನಿಷಿಯನ್ನರು ಎಷ್ಟು ಜನ ಇದ್ದೀರಿ, ಕೈ ಎತ್ತಿ. ಇವರಿಗೊಂದು ಚಪ್ಪಾಳೆ ಬರಲಿ. ಜೋರಾಗಿ.

ಆ ಕ್ರೋಮೋಸೋಮಿನ ಕಥೆ ಹಳೇದು. 1960ರಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಕಣದಲ್ಲಿ ಒಂದು ಗಿಡ್ಡ ಕ್ರೋಮೋಸೋಮ್ ಕಂಡರು. ಊರಿನ ಹೆಸರಿನಿಂದ ಅದು ಫಿಲಡೆಲ್ಫಿಯಾ ಕ್ರೋಮೋಸೋಮ್ ಆಯಿತು. ಅದು 9 ಮತ್ತು 22ರ ಅದಲುಬದಲು ಅಂತ 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. ಆ ಅದಲುಬದಲಿನಿಂದ ಬಿಸಿಆರ್-ಎಬಿಎಲ್ ಅನ್ನುವ ಹೊಸ ಜೀನ್ ಹುಟ್ಟುತ್ತದೆ. ಬಾವಿಯ ಪಂಪ್‌ಸೆಟ್ಟಿನ ಸ್ಟಾರ್ಟರ್ ಆಫ್ ಆಗದೆ ಸಿಕ್ಕಿಬಿದ್ದರೆ ಮೋಟಾರ್ ಹೇಗೆ ಓಡ್ತಾನೇ ಇರುತ್ತದೋ, ಹಾಗೆ ಬಿಳಿ ಕಣ ಹುಟ್ಟುತ್ತಲೇ ಹೋಗುತ್ತವೆ. ಇಮಾಟಿನಿಬ್ ಗುಳಗಿ ಆ ಸ್ಟಾರ್ಟರನ್ನು ಆಫ್ ಮಾಡಿ ಹಿಡಿಯುತ್ತದೆ. ಡಾ. ಬ್ರಯನ್ ಡ್ರೂಕರ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಲು ಶುರು ಮಾಡಿದ್ದು 1998ರಲ್ಲಿ. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಅದಕ್ಕೂ ಮೊದಲು ಸಿಎಂಎಲ್ ಅಂದರೆ ಕೆಲವೇ ವರ್ಷದ ಆಯಸ್ಸು. ಇಮಾಟಿನಿಬ್ ಶುರು ಮಾಡಿದವರನ್ನು ಹತ್ತು ವರ್ಷಕ್ಕೂ ಮೀರಿ ಗಮನಿಸಿದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಹತ್ತು ವರ್ಷದ ನಂತರವೂ 100ಕ್ಕೆ ಸುಮಾರು 83 ಜನ ಬದುಕಿದ್ದರು. ದಿನಕ್ಕೊಂದು ಗುಳಗಿ, ಊಟದ ಜೊತೆ, ಒಂದು ದೊಡ್ಡ ಲೋಟ ನೀರು. ಅಷ್ಟೇ.

ನಮ್ಮ ಅವ್ವನಿಗೂ ಅದೇ ಗುಳಗಿ. ಮೂರು ತಿಂಗಳಿಗೆ ಗುಲ್ಮ ಕೈಗೆ ಸಿಗದಷ್ಟು ಇಳೀತು. ರೊಟ್ಟಿ ಬಡಿಯೋದು ಮತ್ತೆ ಶುರು. ಈ ಗುಳಗಿಯಿಂದ ಕೆಲವರ ಚರ್ಮ ಸ್ವಲ್ಪ ಬಿಳಿಚುತ್ತದೆ. ಅವ್ವ ಬಂದು, "ಸಾಹೇಬ್ರ, ಓಣ್ಯಾಗ ಎಲ್ಲಾರೂ ಯಾವ ಕ್ರೀಮ್ ಹಚ್ಚತಿ ಅಂತ ಕೇಳ್ತಾರ" ಅಂತ ನಕ್ಕರು. ಆ ನಗು ನೋಡಿ ನಮ್ಮ ವಾರ್ಡಿನ ಸಿಸ್ಟರುಗಳೂ ನಕ್ಕರು.

ಆಮೇಲೆ ಆಕೆ ಬರೋದೇ ನಿಂತುಹೋಯಿತು. ಮಗಳ ಮದುವೆ ಇತ್ತು. ಜಾಸ್ತಿ ಗುಳಗಿ ತಿಂದರೆ ಮೈ ಹೀಟ್ ಆಗ್ತದ ಅಂತ ನಾದಿನಿ ಹೇಳಿದ್ದರು. "ಈಗ ಆರಾಮ ಅದ, ಸುಮ್ನೆ ಯಾಕ ಗುಳಗಿ?" ಅಂತ ಬಿಟ್ಟರು. ತಿಂಗಳುಗಳ ನಂತರ ಬಂದಾಗ ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟಿದೆ ಅಂತ ಅಳೆಯುವ ಪಿಸಿಆರ್ ಪರೀಕ್ಷೆಯಲ್ಲಿ ಶೇ 0.1ರ ಕೆಳಗೆ ಇದ್ದ ಸಂಖ್ಯೆ ಶೇ 6 ಆಗಿತ್ತು. ಮೈಯಲ್ಲಿ ಏನೂ ಗೊತ್ತಾಗಿರಲಿಲ್ಲ. ಗುಳಗಿ ಮತ್ತೆ ಶುರು ಮಾಡಿದೆವು, ಇಳೀತು, ಈಗ ಚೆನ್ನಾಗಿದ್ದಾರೆ. ಎಲ್ಲರಿಗೂ ಹೀಗೆ ಇಳಿಯುತ್ತದೆ ಅನ್ನೋ ಗ್ಯಾರಂಟಿ ಇಲ್ಲ.

ಪತ್ತೆಯ ಪ್ರಗತಿ ಅಂದರೆ ಇದೇ. ತೋಳಿನ ರಕ್ತ ತೆಗೆದು ಕೊರಿಯರ್ ಮಾಡಿದರೆ ಬಿಸಿಆರ್-ಎಬಿಎಲ್ ಎಷ್ಟಿದೆ ಅಂತ ಸಂಖ್ಯೆಯಲ್ಲಿ ಬರುತ್ತದೆ. ಮೂರು ತಿಂಗಳಿಗೆ ಶೇ 10ರೊಳಗೆ, ಆರಕ್ಕೆ ಶೇ 1ರೊಳಗೆ, ವರ್ಷಕ್ಕೆ ಶೇ 0.1ರೊಳಗೆ ಬರಬೇಕು. ಬರದಿದ್ದರೆ ಮೊದಲು ಗುಳಗಿ ತಪ್ಪಿಸಿದ್ದೀರಾ ಅಂತ ಕೇಳ್ತೇವೆ. ಆಮೇಲೆ ಡಾಸಾಟಿನಿಬ್, ನಿಲೋಟಿನಿಬ್ ಅನ್ನುವ ಬೇರೆ ಗುಳಗಿಗಳಿವೆ. ಕೆಲವರು ಪೂರ್ತಿ ಗುಳಗಿ ನಿಲ್ಲಿಸಲೂಬಹುದು. ವರ್ಷಗಟ್ಟಲೆ ಸಂಖ್ಯೆ ತೀರಾ ಕೆಳಗಿದ್ದವರು, ಅದೂ ಡಾಕ್ಟರ ಕಣ್ಣೆದುರು, ಮತ್ತೆ ಮತ್ತೆ ಪಿಸಿಆರ್ ಮಾಡಿಸುತ್ತಾ. ಹಾಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಬೇಕಾಗುವುದಿಲ್ಲ. ನಾದಿನಿ ಮಾತು ಕೇಳಿ ಬಿಡೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ದುಡ್ಡಿನ ಮಾತು. ನೋವಾರ್ಟಿಸ್ ಕಂಪನಿಯ ಇಮಾಟಿನಿಬ್ ಗುಳಗಿಗೆ ಒಂದು ಕಾಲದಲ್ಲಿ ತಿಂಗಳಿಗೆ ಲಕ್ಷದ ಮೇಲೆ ಬೆಲೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೋವಾರ್ಟಿಸ್ ಕಂಪನಿಗೆ ಪೇಟೆಂಟ್ ಕೊಡಲು ಆಗೋದಿಲ್ಲ ಅಂದಿತು. ನಮ್ಮ ದೇಶದ ಕಂಪನಿಗಳು ಅದೇ ಗುಳಗಿಯನ್ನು ಅದರ ಒಂದು ಸಣ್ಣ ಪಾಲಿನ ಬೆಲೆಗೆ ಮಾಡುತ್ತಿದ್ದವು, ಅದು ಉಳೀತು. ಇನ್ನೊಂದು ವಿಷಯ ನಮ್ಮವರೇ ಮರೆತಿದ್ದಾರೆ. ಬಡವರ ಕ್ಯಾನ್ಸರ್ ಚಿಕಿತ್ಸೆಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದದ್ದು ನಮ್ಮ ಕಲಬುರಗಿ ವಿಭಾಗಕ್ಕೇ. ಈಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ನಮ್ಮ ಊರಲ್ಲೇ ಇದೆ. ಹೊಲ ಮಾರುವ ಮೊದಲು ಕಾರ್ಡ್ ಹಿಡಿದು ಅಲ್ಲಿ ಹೋಗಿ ಕೇಳಿ.

ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್ ಎಪಿಎಲ್. ಒಸಡಿನಿಂದ ರಕ್ತ, ಮೈಮೇಲೆ ನೀಲಿ ಕಲೆ, ನೋಡನೋಡುತ್ತಲೇ ಪ್ರಾಣಕ್ಕೆ ಬರುತ್ತದೆ. 1980ರ ದಶಕದಲ್ಲಿ ಶಾಂಘೈನ ಡಾ. ವಾಂಗ್ ಝೆನ್‌ಯಿ ಇದಕ್ಕೆ ವಿಟಮಿನ್ ಎ ಕುಲದ ಒಂದು ಔಷಧ ಕೊಟ್ಟು ಗೆದ್ದರು. ಆಟ್ರಾ ಅಂತೇವೆ. ಹಾರ್ಬಿನ್ ಊರಿನ ವೈದ್ಯರು ಪಾಷಾಣವನ್ನೇ, ಅಂದರೆ ಆರ್ಸೆನಿಕ್ ಅನ್ನು, ಶುದ್ಧ ಮಾಡಿ ನರಕ್ಕೆ ಕೊಟ್ಟರು. ಈಗ ಎರಡೂ ಸೇರಿಸಿ ಕೊಟ್ಟರೆ, ತೀರಾ ಅಪಾಯದ ಗುಂಪಲ್ಲದವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನ ಗುಣ ಆಗ್ತಾರೆ, ಮಾಮೂಲಿ ಕೀಮೋ ಇಲ್ಲದೆ. ಸುರಪುರ ಕಡೆಯವರು ಇದನ್ನು ಕೇಳಿ ಹುಬ್ಬು ಏರಿಸಿರಬೇಕು. ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಪಾಷಾಣ ಜನರ ಬದುಕು ಹಾಳು ಮಾಡಿದ್ದು ನಿಮಗೆ ಗೊತ್ತು. ನೀರಿನಲ್ಲಿ ವರ್ಷಾನುಗಟ್ಟಲೆ ಕುಡಿದರೆ ಅದು ಕ್ಯಾನ್ಸರ್ ತರುವ ವಿಷ. ಇಲ್ಲಿ ಅಳೆದು, ಹೃದಯದ ಇಸಿಜಿ ನೋಡುತ್ತಾ, ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್. ಯಾರೂ ಭಸ್ಮ ಹುಡುಕಿಕೊಂಡು ಹೋಗಬೇಡಿ.

ಎಪಿಎಲ್‌ನಲ್ಲಿ ಸಾವು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ, ರಕ್ತಸ್ರಾವದಿಂದ. ಅದಕ್ಕೇ ಕಿರಿಯ ಡಾಕ್ಟರುಗಳಿಗೆ ಹೇಳೋದು, ಸ್ಲೈಡಿನಲ್ಲಿ ಅನುಮಾನ ಬಂದರೆ ಜೀನ್ ರಿಪೋರ್ಟಿಗೆ ಕಾಯಬೇಡಿ, ಆಟ್ರಾ ಶುರು ಮಾಡಿ. ನೋಡಿ, ಮತ್ತೆ ಸ್ಲೈಡಿಗೇ ಬಂದೆ.

ಈಗ ಎಎಲ್ಎಲ್, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್. ಇದರ ಔಷಧದ ಹಿಂದೆ ನಮ್ಮ ಪಕ್ಕದ ರಾಜ್ಯದವರು ಇದ್ದಾರೆ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ತಯಾರಿಸಿದ ಔಷಧವನ್ನೇ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳಿಗೆ ಕೊಟ್ಟು, 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ಕುಲದ ಮೆಥೋಟ್ರೆಕ್ಸೇಟ್ ಇವತ್ತಿಗೂ ನಮ್ಮ ವಾರ್ಡಿನಲ್ಲಿದೆ. ಆಗ ಬದುಕುವುದೇ ಅಪರೂಪ ಆಗಿದ್ದ ಕಾಯಿಲೆಯಲ್ಲಿ ಈಗ ಮುಂದುವರಿದ ದೇಶಗಳಲ್ಲಿ 10 ಮಕ್ಕಳಲ್ಲಿ 9 ಮಕ್ಕಳು ಬದುಕ್ತಾರೆ. ಫ್ಲೋ ಸೈಟೋಮೆಟ್ರಿ ಅನ್ನುವ ಯಂತ್ರ 10 ಸಾವಿರ ಕಣಗಳಲ್ಲಿ ಒಂದು ಕೆಟ್ಟ ಕಣ ಉಳಿದಿದ್ದರೂ ಹಿಡಿಯುತ್ತದೆ. ಅದರ ಮೇಲೆ ಔಷಧ ಹೆಚ್ಚಿಸಬೇಕಾ ಅಂತ ತೀರ್ಮಾನ.

ಇಲ್ಲಿ ನನಗೆ ಸಿಟ್ಟು ಬರುವ ಒಂದು ವಿಷಯ ಇದೆ. ಮಗು ಮೊಣಕಾಲು ನೋವು ಅಂತ ಕುಂಟುತ್ತದೆ, ಜ್ವರ ಬರುತ್ತದೆ. ರಕ್ತ ನೋಡದೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕ್ತಾರೆ. ಮಗು ಎರಡೇ ದಿನದಲ್ಲಿ ಆಡಿಕೊಂಡಿರುತ್ತದೆ, ತಂದೆತಾಯಿ ಕೈ ಮುಗೀತಾರೆ. ಸ್ಟೀರಾಯ್ಡ್ ಎಎಲ್ಎಲ್‌ನ ಔಷಧಗಳಲ್ಲೇ ಒಂದು. ಅರೆಬರೆ ಕೊಟ್ಟರೆ ಕ್ಯಾನ್ಸರ್ ಸ್ವಲ್ಪ ದಿನ ಅಡಗಿ ಕೂರುತ್ತದೆ, ಪರೀಕ್ಷೆಯಲ್ಲೂ ಸರಿಯಾಗಿ ಕಾಣಲ್ಲ. ಹಳ್ಳಿಯಲ್ಲಿ ವೈದ್ಯ ಮಾಡುವ ಎಲ್ಲರಿಗೂ ಕೈ ಮುಗಿದು ಕೇಳ್ತೇನೆ. ಮೊದಲು ಒಂದು ಹನಿ ರಕ್ತ ನೋಡಿ, ಆಮೇಲೆ ಸ್ಟೀರಾಯ್ಡ್.

ಈ ಚಿಕಿತ್ಸೆ ಎರಡು-ಮೂರು ವರ್ಷ ನಡೆಯುತ್ತದೆ. ತೊಗರಿ ರಾಶಿಗೆ, ಇಲ್ಲ ಗುಳೆ ಹೋಗುವಾಗ, ಅರ್ಧಕ್ಕೆ ಬಿಡುವ ಕುಟುಂಬಗಳಿವೆ. ಪುಣೆಗೋ ಮುಂಬೈಗೋ ಹೋಗೋದಾದರೆ ಹೇಳಿ ಹೋಗಿ. ಫೈಲ್ ಬರೆದು ಕೊಡ್ತೇವೆ, ಅಲ್ಲಿ ಮುಂದುವರಿಸಬಹುದು. ಮತ್ತೆ, ಬೋನ್ ಮ್ಯಾರೋ, ಅಂದರೆ ಎಲುಬಿನೊಳಗಿನ ಮಜ್ಜೆಯ ಪರೀಕ್ಷೆ ಮಾಡಿಸಿದರೆ ಲಕ್ವಾ ಹೊಡೆಯುತ್ತದೆ ಅನ್ನೋದು ಸುಳ್ಳು. ಸೂಜಿ ಹಾಕೋದು ಸೊಂಟದ ಹಿಂದಿನ ಎಲುಬಿಗೆ, ಬೆನ್ನುಹುರಿ ಅಲ್ಲಿ ಇರೋದೇ ಇಲ್ಲ.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಪತ್ರಿಕೆಯವರು ಕಾಯುತ್ತಿರುವುದು ಕಾರ್-ಟಿ ಅನ್ನುವ ಹೊಸ ಚಿಕಿತ್ಸೆಯ ಸುದ್ದಿಗೆ, ಅದನ್ನು ಬೇಗ ಹೇಳಿಬಿಡ್ತೇನೆ. ರೋಗಿಯ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಟಿ ಕಣಗಳನ್ನೇ ತೆಗೆದು, ಲ್ಯಾಬಿನಲ್ಲಿ ಅವಕ್ಕೆ ಕ್ಯಾನ್ಸರ್ ಕಣ ಗುರುತಿಸುವ ಜೀನ್ ಸೇರಿಸಿ, ವಾಪಸ್ ಕೊಡೋದು. 2012ರಲ್ಲಿ ಎಮಿಲಿ ವೈಟ್‌ಹೆಡ್ ಅನ್ನುವ ಪುಟ್ಟ ಹುಡುಗಿ ಇದರಿಂದ ಉಳಿದಳು. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಕೋಟಿಗಟ್ಟಲೆ, ಇಲ್ಲಿ ಸುಮಾರು 30–40 ಲಕ್ಷ. ನಮ್ಮ ರೈತನಿಗೆ ಅದೂ ಕೈಗೆಟುಕದ ಮಾತೇ. ಇಮಾಟಿನಿಬ್ ಬೆಲೆ ಇಳಿದಂತೆ ಇದೂ ಇಳಿಯಬೇಕು, ಸರ್ಕಾರದ ಯೋಜನೆಗೆ ಸೇರಬೇಕು ಅಂತ ನಾವೆಲ್ಲ ಒತ್ತಾಯ ಮಾಡಬೇಕು. ನೆನಪಿಡಿ, ಇದು ಮೊದಲ ಚಿಕಿತ್ಸೆ ಅಲ್ಲ. ಕೆಲವು ಬಗೆಯ ಲಿಂಫೋಮಾ ಮತ್ತು ಎಎಲ್ಎಲ್ ಮರಳಿ ಬಂದವರಿಗೆ.

ಮೈಲೋಮಾ ಅನ್ನುವ ಇನ್ನೊಂದು ರಕ್ತದ ಕ್ಯಾನ್ಸರಿಗೆ ಸಮಯ ಇಲ್ಲ. ವಯಸ್ಸಾದವರ ಬಿಡದ ಬೆನ್ನುನೋವು, ಜೊತೆಗೆ ರಕ್ತ ಕಡಿಮೆ, ಕಿಡ್ನಿ ತೊಂದರೆ ಇದ್ದರೆ ನೋವಿನ ಗುಳಗಿ ನುಂಗಿಸುತ್ತಾ ಕೂರಬೇಡಿ. ಸೀರಮ್ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಅಂತ ಒಂದು ರಕ್ತ ಪರೀಕ್ಷೆ ಇದೆ, ಕೇಳಿ ಮಾಡಿಸಿ. ಲಿಂಫೋಮಾ, ಬೋನ್ ಮ್ಯಾರೋ ಕಸಿ, ಇವನ್ನು ಬಿಟ್ಟಿದ್ದೇನೆ, ಕ್ಷಮಿಸಿ.

ಪ್ರಶ್ನೆಗಳ ಚೀಟಿಯಲ್ಲಿ ಒಂದನ್ನಾದರೂ ಓದಲೇಬೇಕು. "ಮಗಳಿಗೆ ಸಿಎಂಎಲ್, ಗುಳಗಿ ನಡೆದಿದೆ. ಮದುವೆ ಮಾಡಬಹುದಾ?" ಬರೆದವರು ಯಾರು ಅಂತ ಕೇಳೋದಿಲ್ಲ. ಖಂಡಿತ ಮಾಡಬಹುದು. ಇದು ಅಂಟುವ ಕಾಯಿಲೆ ಅಲ್ಲ, ತಾಯಿಯಿಂದ ಮಗುವಿಗೆ ಬರುವಂಥದ್ದೂ ಅಲ್ಲ. ಆದರೆ ಗುಳಗಿ ನುಂಗುತ್ತಾ ಬಸುರಿ ಆಗಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ. ಹಾಗಂತ ತಾನಾಗಿ ಗುಳಗಿ ಬಿಡಲೂಬಾರದು. ಮಗು ಬೇಕು ಅನ್ನುವ ಮೊದಲೇ ನಮಗೆ ಹೇಳಿ. ಸಂಖ್ಯೆ ಎಷ್ಟು ಕೆಳಗಿದೆ ಅಂತ ನೋಡಿ, ಯಾವಾಗ ನಿಲ್ಲಿಸೋದು, ನಡುವೆ ಬೇಕಾದರೆ ಇಂಟರ್‌ಫೆರಾನ್ ಅನ್ನುವ ಬೇರೆ ಔಷಧ ಕೊಡೋದಾ, ಎಲ್ಲ ಕೂತು ಮಾತಾಡೋಣ. ಗಂಡನಾಗುವ ಹುಡುಗನನ್ನೂ ಕರೆದುಕೊಂಡು ಬನ್ನಿ. ಅವನಿಗೂ ನಾನೇ ತಿಳಿಸಿ ಹೇಳ್ತೇನೆ. ಹಳೆಯ ಪಿಸಿಆರ್ ರಿಪೋರ್ಟುಗಳನ್ನು ತರೋದು ಮರೆಯಬೇಡಿ.