ಹಳೆ ಕಾರಿಗೆ ಎಥೆನಾಲ್ ಪೆಟ್ರೋಲ್ ಹಾಕಬಹುದಾ?

[ಹತ್ತಿರದ ದೃಶ್ಯ: ಅಳತೆಯ ಗಾಜಿನ ಕೊಳವೆ]

ಇದರಲ್ಲಿ 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲ್. ಮುಚ್ಚಳ ಹಾಕಿ ಕುಲುಕಿ, ಸ್ವಲ್ಪ ಹೊತ್ತು ಬಿಡೋಣ. ನೋಡಿ, ನೀರಿನ ಗೆರೆ 20 ದಾಟಿದೆ! ನೀರನ್ನು ಯಾರೂ ಸುರಿಯಲಿಲ್ಲ. ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇತ್ತು, ಅದು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೂಡಿಕೊಂಡಿತು. (ಮನೆಯಲ್ಲಿ ಒಲೆ ಹತ್ತಿರ ಇದನ್ನು ಮಾಡೋಕೆ ಹೋಗಬೇಡಿ.)

ಇದೇ ಆಟ ಕಾರಿನ ಟ್ಯಾಂಕಿನಲ್ಲೂ ನಡೆಯುತ್ತದೆ. ಶೇ 10ರ ಮಿಶ್ರಣ, ಅಂದರೆ ಇ10, 15 ಡಿಗ್ರಿಯಲ್ಲಿ ಸುಮಾರು ಅರ್ಧ ಶೇಕಡಾ ನೀರನ್ನಷ್ಟೇ ತಾಳಿಕೊಳ್ಳುತ್ತದೆ. 40 ಲೀಟರ್ ಟ್ಯಾಂಕಿಗೆ ಅದು ಒಂದು ಲೋಟ. ಅದಕ್ಕಿಂತ ಜಾಸ್ತಿಯಾದರೆ ನೀರು, ಎಥೆನಾಲ್ ಎರಡೂ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದು ತಳದಿಂದಲೇ ಅಲ್ವಾ? ಗಾಳಿಯ ತೇವ ಟ್ಯಾಂಕಿಗೆ ಸೇರಲು ಹೊತ್ತು ಸಿಗುವುದರಿಂದ, ದಿನಾ ಓಡುವ ಕಾರಿಗಿಂತ ತಿಂಗಳುಗಟ್ಟಲೆ ನಿಂತ ಕಾರಿಗೆ ತೊಂದರೆ ಹೆಚ್ಚು.

[ದೃಶ್ಯ: ಹಳೆಯ ಪೆಟ್ರೋಲ್ ಪೈಪು]

ನನ್ನನ್ನು ಕೇಳಿದರೆ ನಿಜವಾದ ಅಪಾಯ ಇಲ್ಲಿದೆ. ಹಳೆಯ ರಬ್ಬರ್ ಪೈಪು, ವಾಷರ್‌ಗಳು ಎಥೆನಾಲಿಗೆ ಉಬ್ಬಿ ಮೆತ್ತಗಾಗುತ್ತವೆ, ಒಣಗಿದ ಮೇಲೆ ಬಿರುಕು ಬಿಡುತ್ತವೆ. ಇದನ್ನು ಮಡಚುತ್ತೇನೆ, ನೋಡಿ: ಬಿರುಕು ಹೇಗೆ ಬಾಯಿ ತೆರೆಯಿತು! ಬಿಸಿ ಎಂಜಿನ್ ಮೇಲೆ ಇಲ್ಲಿಂದ ಹನಿ ಬಿದ್ದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ.

ಇನ್ನು ಕಾರ್ಬುರೇಟರ್, ಅಂದರೆ ಹಳೆ ಕಾರುಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ. ಒಂದು ಕೆಜಿ ಪೆಟ್ರೋಲ್ ಸುಡಲು 14.7 ಕೆಜಿ ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಎಥೆನಾಲ್ ಬೆರೆತ ಇಂಧನ ಹೆಚ್ಚು ಬೇಕು. ಇಂಜೆಕ್ಷನ್ ಕಾರಿನಲ್ಲಿ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಕಾರು) ಆಕ್ಸಿಜನ್ ಸೆನ್ಸರ್ ಇದನ್ನು ಗಮನಿಸುತ್ತದೆ, ಕಂಪ್ಯೂಟರ್ ಇಂಧನ ಹೆಚ್ಚಿಸುತ್ತದೆ. ಕಾರ್ಬುರೇಟರ್‌ನ ಜೆಟ್ ಪೆಟ್ರೋಲ್ ಹಾಯುವ ಒಂದು ತೂತು ಅಷ್ಟೇ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಮುಗ್ಗರಿಸುತ್ತದೆ, ಬಿಸಿ ಏರುತ್ತದೆ.

ಮೈಲೇಜ್? ಇ10ಕ್ಕೆ ಸುಮಾರು ಶೇ 3, ಇ20ಕ್ಕೆ ಶೇ 7ರಷ್ಟು ಶಕ್ತಿ ಕಡಿಮೆ. ಜೇಬಿಗೆ ನಷ್ಟ, ಎಂಜಿನ್‌ಗಲ್ಲ.

ಹಾಗಾದರೆ ಎಷ್ಟು ಹಳೆಯದು ಹಳೆಯದು? ಬ್ರಿಟನ್ 2021ರಲ್ಲಿ ಇ10 ತಂದಾಗ 2002ಕ್ಕಿಂತ ಹಿಂದಿನ ಕಾರುಗಳಿಗೆ ಅದು ಬೇಡ ಎಂದು ಸಲಹೆ ಕೊಟ್ಟಿತು. ಅಮೆರಿಕ ಶೇ 15ರ ಮಿಶ್ರಣವನ್ನು 2001 ಮತ್ತು ನಂತರದ ಮಾದರಿಗಳಿಗೆ ಮಾತ್ರ ಒಪ್ಪಿದೆ. ಆದರೆ ಇ10ಕ್ಕೆ ಸರಿ ಅಂದರೆ ಇ20ಕ್ಕೂ ಸರಿ ಅಂತ ಅಲ್ಲ. ಕಾರಿನ ಮ್ಯಾನುವಲ್, ಟ್ಯಾಂಕ್ ಮುಚ್ಚಳದ ಒಳಗಿನ ಚೀಟಿ ನೋಡಿ.

ನಿಮ್ಮದು ಕಾರ್ಬುರೇಟರ್ ಕಾರಾಗಿದ್ದು, ಕಡಿಮೆ ಎಥೆನಾಲಿನ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿಸಿ. ಸಿಗದಿದ್ದರೆ ಎಥೆನಾಲ್ ತಾಳುವ ಪೈಪು, ವಾಷರ್ ಹಾಕಿಸಿ, ಜೆಟ್ ಸರಿಮಾಡಿಸಿ. ಮೊದಲ ಕೆಲವು ಟ್ಯಾಂಕ್ ಆದ ಮೇಲೆ ಫಿಲ್ಟರ್ ಬಿಚ್ಚಿ ನೋಡಿ. ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಕೊಳೆಯನ್ನು ಎಥೆನಾಲ್ ಕಿತ್ತು ತಂದು ಅಲ್ಲೇ ತುಂಬಿರುತ್ತದೆ.