ಟಿಕೆಟ್ ಇಲ್ಲದ ಮ್ಯಾಚಿಗೆ ಹೋಗಿ ಬಂದ ಮೇಲೆ

ಇದು ನಮ್ಮಮ್ಮನ ಮದುವೆಯ ಟ್ರಂಕು. ಮೊದಲು ಇದರಲ್ಲಿ ರೇಷ್ಮೆ ಸೀರೆಗಳಿದ್ದವು. ಈಗ ಮ್ಯಾಚಿನ ಒಂದೊಂದು ಬಾಲಿನ ಲೆಕ್ಕ ಬರೆದಿಟ್ಟ ನನ್ನ 11 ಸ್ಕೋರ್‌ಬುಕ್‌ಗಳಿವೆ. ಪಕ್ಕದಲ್ಲಿ ಬಸ್ ಟಿಕೆಟು, ರೈಲು ಟಿಕೆಟು, ಮಡಚಿಟ್ಟ ಹಳೇ ಪೇಪರು, ಸವೆದುಹೋದ ಒಂದು ಕೆಂಪು ಬಾಲು. ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆ ವಾಸನೆ ಬರುತ್ತದೆ. ನನಗೆ ಆ ವಾಸನೆ ಬಂದರೆ ಕ್ರಿಕೆಟ್ ಸೀಸನ್ ಶುರುವಾದ ಹಾಗೆ.

ನಾನು ಕರ್ನಾಟಕ ರಣಜಿ ತಂಡದ ಅಭಿಮಾನಿ. ರಣಜಿ ಅಂದರೆ ನಮ್ಮ ದೇಶದ ರಾಜ್ಯ ತಂಡಗಳ ನಡುವಿನ ಕ್ರಿಕೆಟ್ ಟೂರ್ನಿ. ಐಪಿಎಲ್ ನೋಡುತ್ತೇನೆ, ಟೆಸ್ಟ್ ನೋಡುತ್ತೇನೆ. ಆದರೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು, ನಾಲ್ಕು ದಿನ ರಜೆ ಬರೆದು ಹೋಗೋದು ರಣಜಿಗೆ ಮಾತ್ರ.

ಆಟದ ನೆನಪಿನ ವಸ್ತುಗಳನ್ನು ಕೂಡಿಡುವವರಿಗೆ ಮೊದಲು ಸಿಗೋದೇ ಟಿಕೆಟ್ಟಿನ ತುಂಡು, ಅಲ್ವಾ? ನಾನು ಹೋದ ರಣಜಿ ಮ್ಯಾಚುಗಳಿಗೆ ಅದೇ ಇರಲಿಲ್ಲ. ಗೇಟು ತೆರೆದಿರುತ್ತದೆ, ಸುಮ್ನೆ ಒಳಗೆ ಹೋಗಿ ನೆರಳು ನೋಡಿಕೊಂಡು ಕೂರೋದು. ಜೆರ್ಸಿ ಮಾರುವವರಿಲ್ಲ, ಬಾವುಟ ಮಾರುವವರಿಲ್ಲ. ನಾಲ್ಕು ದಿನ ಬಿಸಿಲಲ್ಲಿ ಕೂತು ಎದ್ದು ಬಂದರೆ ಕೈಯಲ್ಲಿ ಒಂದು ಚೂರು ಕಾಗದವೂ ಇರುವುದಿಲ್ಲ. ಹಾಗಾಗಿ ನಮ್ಮ ನೆನಪಿನ ವಸ್ತುವನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕೇ ಈ ಸ್ಕೋರ್‌ಬುಕ್ಕುಗಳು.

ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಸೋದರಮಾವ. ಅವರು ಹುಡುಗರಾಗಿದ್ದಾಗ, 1974ರಲ್ಲಿ, ಬೆಂಗಳೂರಿನಲ್ಲಿ ಬಾಂಬೆ ಮೇಲೆ ನಡೆದ ಸೆಮಿಫೈನಲ್ ನೋಡಿದ್ದರು. ಬಾಂಬೆ ಆಗ ಸತತ 15 ವರ್ಷ ರಣಜಿ ಗೆದ್ದಿದ್ದ ತಂಡ. ನಮ್ಮ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು. ನಮ್ಮ ಪ್ರಸನ್ನ ಅವರ ಬಾಲಿಗೆ ಬಾಂಬೆಯ ಗವಾಸ್ಕರ್ ಬೌಲ್ಡ್ ಆದರು. ವಾಡೇಕರ್ ಓಡುವಾಗ ಜಾರಿ ರನ್‌ಔಟ್ ಆದರು. ಆ ಮ್ಯಾಚ್ ದಾಟಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ತಂದಿತು. ಮಾವ ಇದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಕೊನೆಗೆ ಒಂದೇ ಮಾತು: "ಅಷ್ಟು ದೊಡ್ಡ ಮ್ಯಾಚು, ಒಂದು ಚೀಟಿ ಸಹ ಇಟ್ಟುಕೊಳ್ಳಲಿಲ್ಲ ಕಣೇ." ಆ ಕೊರಗಿಗೇ ಅವರು ಸ್ಕೋರ್ ಬರೆಯೋದನ್ನು ಕಲಿತರು. ಆಮೇಲೆ ನನಗೆ ಕಲಿಸಿದರು.

ಈಗ ತೋರಿಸುತ್ತಿರುವುದು ನನ್ನ ಮೊದಲ ಪುಸ್ತಕ. ಪೆನ್ಸಿಲಿನಲ್ಲಿ ಬರೆದದ್ದು. 1999ರ ಫೈನಲ್, ಚಿನ್ನಸ್ವಾಮಿ ಸ್ಟೇಡಿಯಂ, ಎದುರಾಳಿ ಮಧ್ಯಪ್ರದೇಶ. ನನಗಾಗ 14 ವರ್ಷ, ರಜೆಗೆ ಮಾವನ ಮನೆಗೆ ಹೋಗಿದ್ದೆ. ಈ ಚುಕ್ಕೆಗಳನ್ನು ನೋಡಿ. ರನ್ ಬರದ ಬಾಲಿಗೆ ಒಂದು ಚುಕ್ಕೆ. ಓವರಿನ ಆರೂ ಬಾಲು ಹಾಗೇ ಹೋದರೆ ಆರು ಚುಕ್ಕೆಗಳನ್ನು ಗೆರೆ ಎಳೆದು ಸೇರಿಸಿದಾಗ ಇಂಗ್ಲಿಷಿನ 'ಎಂ' ಆಗುತ್ತದೆ, ಅದು ಮೇಡನ್. ಆ ಓವರಿನಲ್ಲಿ ವಿಕೆಟ್ಟೂ ಬಿದ್ದಿದ್ದರೆ ಗೆರೆಯನ್ನು ತಿರುಗಿಸಿ ಎಳೆದು 'ಡಬ್ಲ್ಯೂ' ಮಾಡಬೇಕು. ಮಾವ ಪಕ್ಕದಲ್ಲೇ ಕೂತು ತಮ್ಮ ಪುಸ್ತಕದಲ್ಲಿ ಬರೆಯುತ್ತಿದ್ದರು. ಓವರ್ ಮುಗಿದಾಗಲೆಲ್ಲ ನನ್ನ ಪುಟಕ್ಕೆ ಇಣುಕುತ್ತಿದ್ದರು.

ಆ ಮ್ಯಾಚಿನ ಮೊದಲ ಇನ್ನಿಂಗ್ಸ್‌ನಲ್ಲಿ ಮಧ್ಯಪ್ರದೇಶ 75 ರನ್ ಮುಂದಿತ್ತು. ರಣಜಿ ಫೈನಲ್ ಡ್ರಾ ಆದರೆ ಮೊದಲ ಇನ್ನಿಂಗ್ಸ್‌ನಲ್ಲಿ ಮುಂದಿದ್ದವರಿಗೇ ಕಪ್ಪು. ಅಂದರೆ ಕೊನೆಯ ದಿನ ಅವರು ಔಟಾಗದೆ ನಿಂತಿದ್ದರೆ ಸಾಕಿತ್ತು. ಆಗ ನಮ್ಮ ವಿಜಯ್ ಭಾರದ್ವಾಜ್ ಬಾಲು ಹಿಡಿದರು. ಆಫ್ ಸ್ಪಿನ್, 6 ವಿಕೆಟ್. ಪುಟದ ಈ ಭಾಗದಲ್ಲಿ ನನ್ನ ಅಕ್ಷರ ಸೊಟ್ಟಗಾಗಿದೆ, ಪೆನ್ಸಿಲ್ ಒತ್ತಿ ಒತ್ತಿ ಕಾಗದ ಒಂದು ಕಡೆ ಹರಿದಿದೆ. ಕರ್ನಾಟಕ 96 ರನ್‌ಗಳಿಂದ ಗೆದ್ದಿತು.

ಅವತ್ತು ಸೋತ ತಂಡದ ಕ್ಯಾಪ್ಟನ್ ಚಂದ್ರಕಾಂತ್ ಪಂಡಿತ್. 2022ರಲ್ಲಿ ಮಧ್ಯಪ್ರದೇಶ ಮೊದಲ ಸಲ ರಣಜಿ ಗೆದ್ದಿತಲ್ಲ, ಆಗ ಅವರೇ ಕೋಚ್. ಮೈದಾನವೂ ಅದೇ ಚಿನ್ನಸ್ವಾಮಿ. 23 ವರ್ಷ ಆಗಿತ್ತು. ಆ ಸಂಜೆ ನಾನು ಈ ಪುಸ್ತಕ ತೆಗೆದು, 1999ರ ಪುಟದಲ್ಲಿ ಅವರ ಹೆಸರಿನ ಮುಂದೆ ಇವತ್ತಿನ ತಾರೀಖು ಅಂತ 26-6-2022 ಬರೆದೆ. ನನ್ನ ತಂಡದ ಗೆಲುವಿನ ಪುಟದಲ್ಲಿ ಅವರಿಗೂ ಒಂದು ಸಾಲು ಸಲ್ಲಬೇಕು ಅನ್ನಿಸಿತು.

ಮುಂದಿನ ಪುಸ್ತಕವನ್ನು ನಾನು ಜಾಸ್ತಿ ತೆಗೆಯುವುದಿಲ್ಲ. 2010ರ ಜನವರಿ. ಮೈಸೂರು, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನ. ರಣಜಿ ಫೈನಲ್ ನಮ್ಮೂರಿಗೇ ಬಂದಿತ್ತು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಚಳಿಗೆ ಶಾಲು ಹೊದ್ದು ಬೆಳಗ್ಗೆ ಎಂಟಕ್ಕೇ ಹೋಗಿ ಕೂತಿದ್ದೆ, ಅಷ್ಟರಲ್ಲಿ ಜಾಗ ತುಂಬಿತ್ತು. ಗೋಡೆಯ ಮೇಲೆ ಜನ, ಮರದ ಮೇಲೆ ಜನ. ಕಾಲೇಜು ಬಿಟ್ಟು ಬಂದ ಹುಡುಗರು, ಕೆಲಸಕ್ಕೆ ಚಕ್ಕರ್ ಹಾಕಿದ ಬ್ಯಾಂಕಿನವರು, ಮೊಮ್ಮಕ್ಕಳ ಕೈ ಹಿಡಿದ ತಾತಂದಿರು.

ಮುಂಬೈ 233, ನಾವು 130. ಮುಂಬೈ ಮತ್ತೆ 234. ನಮಗೆ ಬೇಕಾಗಿದ್ದು 338. ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ಸೇರಿ 209 ರನ್ ಕೂಡಿಸಿದರು. ಪಾಂಡೆ 144. ಆ ಎರಡು ಪುಟ ಎಷ್ಟು ಚಂದ ಇದೆ ನೋಡಿ, ಒಂದು ಚಿತ್ತೂ ಇಲ್ಲ. ನಾಲ್ಕನೇ ದಿನ ಸಂಕ್ರಾಂತಿ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಎಲ್ಲರ ಕೈಗೂ ಎಳ್ಳು ಬೆಲ್ಲ ಹಾಕಿದರು. ಈ ಕಂದು ಕಲೆ ಇದೆಯಲ್ಲ, ಅದು ಆ ಬೆಲ್ಲದ್ದು.

ಆಮೇಲೆ ವಿಕೆಟ್ ಬೀಳಲು ಶುರುವಾಯಿತು. ಮುಂಬೈ ಬೌಲರ್ ಅಗರ್ಕರ್ ಬಿಡಲಿಲ್ಲ. ಕೊನೆ ಕೊನೆಗೆ ಒಂದೊಂದು ರನ್ನಿಗೂ ಇಡೀ ಮೈದಾನ ಎದ್ದು ನಿಂತು ಕೂರುತ್ತಿತ್ತು. 331. ಗೆಲ್ಲಲು ಇನ್ನು 7. ಆಗ ಕೊನೆಯ ವಿಕೆಟ್ ಹೋಯಿತು. 6 ರನ್ನಿನಿಂದ ಸೋತೆವು. ಅಷ್ಟು ಜನರಿದ್ದ ಮೈದಾನದಲ್ಲಿ ಹಕ್ಕಿ ಕೂಗಿದ್ದು ಕೇಳಿಸಿತು.

ಈ ಚೌಕ ಖಾಲಿ ಇದೆ. ಹನ್ನೊಂದನೆಯ ಬ್ಯಾಟ್ಸ್‌ಮನ್ ಹೇಗೆ ಔಟಾದರು ಅಂತ ಬರೆಯಬೇಕಾದ ಜಾಗ. ಅವತ್ತು ಕೈ ಏಳಲಿಲ್ಲ. ಮಾವ ಎಷ್ಟೋ ಸಲ ಹೇಳಿದರು, "ಪುಟ ಪೂರ್ತಿ ಮಾಡೇ, ಸ್ಕೋರರ್ ಆದವರು ಹಾಗೆ ಬಿಡಬಾರದು" ಅಂತ. ಅವರು ಹೇಳೋದು ಸರಿ. ಆದರೂ ನಾನು ಬರೆದಿಲ್ಲ.

ದುಡ್ಡು ಕೊಟ್ಟು ತರಬಾರದಾ ಅಂತ ತುಂಬ ಜನ ಕೇಳುತ್ತಾರೆ. ತರಬಹುದು. ಶೇನ್ ವಾರ್ನ್ ಅವರ ಟೆಸ್ಟ್ ಕ್ಯಾಪು 2020ರಲ್ಲಿ, ಆಸ್ಟ್ರೇಲಿಯಾದ ಕಾಡ್ಗಿಚ್ಚಿನ ಸಂತ್ರಸ್ತರಿಗಾಗಿ, 10 ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮೇಲೆ ಹೋಯಿತು. 2011ರ ವಿಶ್ವಕಪ್ ಫೈನಲ್ಲಿನಲ್ಲಿ ಧೋನಿ ಆಡಿದ ಬ್ಯಾಟು ಲಂಡನ್ನಿನಲ್ಲಿ 1 ಲಕ್ಷ ಪೌಂಡಿಗೆ ಹರಾಜಾಯಿತು. ಅಷ್ಟಲ್ಲದಿದ್ದರೂ ನಾನೂ ಒಮ್ಮೆ ಆ ಆಸೆಗೆ ಬಿದ್ದೆ. ರಾಹುಲ್ ದ್ರಾವಿಡ್ ಸಹಿ ಇರುವ ಪುಟ್ಟ ಬ್ಯಾಟು ಅಂತ ಆನ್‌ಲೈನಿನಲ್ಲಿ ಒಬ್ಬರಿಂದ 8,000 ರೂಪಾಯಿ ಕೊಟ್ಟು ತರಿಸಿದೆ. ಮಾವ ಭೂತಗನ್ನಡಿ ಹಿಡಿದು ನೋಡಿದರು. ಸಹಿಯ ಗೆರೆ ಅಂದುಕೊಂಡಿದ್ದು ಸಣ್ಣ ಸಣ್ಣ ಚುಕ್ಕೆಗಳ ಸಾಲು. ಅಚ್ಚು ಹಾಕಿದ್ದು. ಪೆನ್ನಿನಿಂದ ಬರೆದ ಸಹಿಯಲ್ಲಿ ಒಂದು ಕಡೆ ಶಾಯಿ ದಪ್ಪ, ಇನ್ನೊಂದು ಕಡೆ ತೆಳು ಇರುತ್ತದೆ. ಗೆರೆಯ ಮೇಲೆ ಗೆರೆ ಹಾದ ಕಡೆ ಬಣ್ಣ ಗಾಢವಾಗುತ್ತದೆ. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ದುಡ್ಡು ಹೋದದ್ದಕ್ಕಿಂತ, ಬ್ಯಾಟು ಬಂದ ಆ ದಿನ ನಾನು ಪಟ್ಟ ಖುಷಿ ನೆನಪಾಗಿ ಹೊಟ್ಟೆ ಉರಿಯಿತು. ಅವತ್ತಿಂದ ನನ್ನದು ಒಂದೇ ನಿಯಮ. ನಾನು ಅಲ್ಲಿ ಕೂತಿರದ ಮ್ಯಾಚಿನ ಯಾವ ವಸ್ತುವೂ ಈ ಟ್ರಂಕಿಗೆ ಬರುವುದಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಟಿಕೆಟ್ಟು, ಸಹಿ ಇದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಆ ಬಿಸಿಗೆ ಕಾಗದ ಹಾಳಾಗುತ್ತದೆ, ಅಂಟು ಮತ್ತೆ ಬಿಡಿಸಲು ಬರುವುದಿಲ್ಲ. ಮೆಷಿನ್ನಿನಲ್ಲಿ ಬರುವ ನುಣುಪು ಟಿಕೆಟ್ಟುಗಳಿವೆಯಲ್ಲ, ಶಾಖದಿಂದ ಅಚ್ಚಾಗುವಂಥವು, ಅವು ಬೆಳಕಿಗೆ, ಬಿಸಿಗೆ ಪೂರ್ತಿ ಬಿಳಿಯಾಗಿಬಿಡುತ್ತವೆ. ನನ್ನ ನಾಲ್ಕು ಬಸ್ ಟಿಕೆಟ್ ಹಾಗೇ ಹೋದವು. ಈಗ ಮನೆಗೆ ಬಂದ ರಾತ್ರಿಯೇ ಅವುಗಳ ಫೋಟೋ ತೆಗೆದುಕೊಳ್ಳುತ್ತೇನೆ. ಸಹಿ ಇರುವ ಕಾಗದವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ವರ್ಷಕ್ಕೆರಡು ಸಲ ಎಲ್ಲವನ್ನೂ ಹೊರಗೆ ತೆಗೆದು ನೆರಳಲ್ಲಿ ಗಾಳಿಗೆ ಹರಡಿ. ನಮ್ಮ ಮಳೆಗಾಲದ ಥಂಡಿ ಕಾಗದಕ್ಕೆ ದೊಡ್ಡ ಶತ್ರು.

ಚಿನ್ನಸ್ವಾಮಿ ಬಗ್ಗೆ ಒಂದು ಮಾತು ಹೇಳಲೇಬೇಕು. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರೂ ನನ್ನ ಹಾಗೆ ತಮ್ಮ ತಂಡವನ್ನು ಹತ್ತಿರದಿಂದ ನೋಡಲು ಬಂದವರು. ಆ ದಿನದ ಪೇಪರು ಈ ಟ್ರಂಕಿನಲ್ಲಿದೆ. ನಾನು ಅವತ್ತು ಅಲ್ಲಿರಲಿಲ್ಲ. ನಿಯಮ ಮುರಿದದ್ದು ಅದೊಂದಕ್ಕೇ.

ಈಗ ಹೋದ ವರ್ಷ ಹುಬ್ಬಳ್ಳಿಯಲ್ಲಿ ತೆಗೆದ ವಿಡಿಯೋ ನೋಡಿ. ರಾತ್ರಿ ರೈಲಿಗೆ ಮೈಸೂರು ಬಿಟ್ಟು ಬೆಳಗ್ಗೆ ಇಳಿದು, ಆಟೋ ಹಿಡಿದು ಸೀದಾ ರಾಜನಗರ ಮೈದಾನಕ್ಕೆ ಬಂದೆ. ಈ ಕಡೆಯವರಿಗೆ ಕ್ರಿಕೆಟ್ ಅಂದರೆ ಜೀವ. ಗದಗದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗ್ಗೆ ಬೇಗ ಎದ್ದು ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಬಂದು, ಶಾಲೆ ಹೊತ್ತಿಗೆ ವಾಪಸ್ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದವರು ಅವರೇ.

ಖಾಲಿ ಮೈದಾನದ ಸೊಗಸೇ ಬೇರೆ. ಬ್ಯಾಟಿಗೆ ಬಾಲು ತಾಗುವ ಸದ್ದು ಮೊದಲು ಕಿವಿಗೆ ಬರುತ್ತದೆ, ಆಮೇಲೆ ಗೋಡೆಗೆ ಬಡಿದು ಇನ್ನೊಮ್ಮೆ ಬರುತ್ತದೆ. ಸ್ಲಿಪ್ಪಿನಿಂದ "ಬಾ ಮಗಾ, ಅಲ್ಲೇ ಹಾಕು" ಅನ್ನೋದು ಸ್ಪಷ್ಟವಾಗಿ ಕೇಳಿಸುತ್ತದೆ. ಎದುರಾಳಿ ಬ್ಯಾಟ್ಸ್‌ಮನ್‌ಗೆ ಅರ್ಥವಾಗುವುದಿಲ್ಲ, ನಮಗೆ ಆಗುತ್ತದೆ. ಹಿಂದೆ ಕೂತಿದ್ದ ಹಿರಿಯರು ನನ್ನ ಪುಸ್ತಕ ನೋಡಿ, "ಏನ್ ಬರಿಯಾಕತ್ತೀರಿ ಅಕ್ಕಾರ?" ಅಂದರು. ತೋರಿಸಿದೆ. ಅರ್ಧ ಗಂಟೆಯಲ್ಲಿ ಅವರೇ "ಲೆಗ್ ಬೈ ರೀ, ಬ್ಯಾಟಿಗೆ ಹತ್ತಿಲ್ಲ" ಅಂತ ನನ್ನನ್ನು ತಿದ್ದಲು ಶುರು ಮಾಡಿದರು. ಗಿರಮಿಟ್ಟು ತಂದುಕೊಟ್ಟವರೂ ಅವರೇ.

ನಮ್ಮ ತಂಡದಲ್ಲಿ ಒಬ್ಬ ಹುಡುಗನಿಗೆ ಅದು ಮೊದಲ ಮ್ಯಾಚು. 23 ರನ್ ಮಾಡಿ ಔಟಾದ. ದಿನದ ಆಟ ಮುಗಿದ ಮೇಲೆ ಬಸ್ಸಿನ ಹತ್ತಿರ ನಿಂತು ಪುಸ್ತಕ ಚಾಚಿ, ಸಹಿ ಬೇಕು ಅಂದೆ. ಪೆನ್ನು ತೆಗೆದುಕೊಂಡವನು ಸಹಿ ಹಾಕಲಿಲ್ಲ. ತನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿಕೊಂಡ. ಒಂದು, ಒಂದು, ನಾಲ್ಕು, ಎರಡು.

"ಅಕ್ಕಾ, ಇದು ನಾನು ಆಡಿದ್ದಾ? ಒಂದೊಂದು ರನ್ನೂ ಬರೆದಿದ್ದೀರಾ?"

"ಹೌದಪ್ಪ. ಮೊದಲ ಫೋರು ಕವರ್ಸ್ ಕಡೆ ಹೋಯಿತು, ನೋಡು, ಇಲ್ಲಿದೆ."

"ಒಂದು ಫೋಟೋ ತಗೊಳ್ಳಲಾ? ಅಮ್ಮನಿಗೆ ಕಳಿಸಬೇಕು. ಅವರಿಗೆ ಬರೋಕಾಗಲಿಲ್ಲ."

ಬೆಳಕು ಕಡಿಮೆಯಾಗಿತ್ತು. ಪುಟ ಮಡಚಿಕೊಳ್ಳದ ಹಾಗೆ ನಾನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದೆ. ಮೂರು ಫೋಟೋ ತೆಗೆದ. ಬಸ್ಸಿನಿಂದ ಯಾರೋ ಅವನನ್ನು ಕೂಗಿದರು. ಆಗ 23ರ ಪಕ್ಕದಲ್ಲಿ, ಚೌಕದಿಂದ ಆಚೆ ಹೋಗದ ಹಾಗೆ, ಸಣ್ಣಗೆ ಕನ್ನಡದಲ್ಲಿ ಸಹಿ ಹಾಕಿದ.