ಬೆಟ್ಟದ ಊರಿನಿಂದ ಕಡಲಾಮೆ ಕಾಯಲು ಹೋಗಬಹುದಾ?

(ದೃಶ್ಯ: ರಾಜಾಸೀಟ್‌ನಿಂದ ಕಾಣುವ ಕಣಿವೆ. ಪಡುವಣದ ಕಡೆ ಬೆಟ್ಟದ ಸಾಲು.)

ನಮಸ್ಕಾರ. ವಿರಾಜಪೇಟೆ ಕಡೆಯ ಪಿಯುಸಿ ಹುಡುಗಿಯೊಬ್ಬಳು ನಮಗೆ ಬರೆದಿದ್ದಾಳೆ. "ಅಕ್ಕ, ನನಗೆ ಕಡಲಾಮೆ ರಕ್ಷಣೆ ಮಾಡುವವರ ಜೊತೆ ಕೆಲಸ ಮಾಡಬೇಕು ಅಂತ ಆಸೆ. ಕೊಡಗಿನಲ್ಲಿ ಕಡಲೇ ಇಲ್ಲ, ನಿನಗೆಲ್ಲಿಯ ಆಮೆ ಅಂತ ಮನೆಯಲ್ಲಿ ನಗ್ತಾರೆ. ಅವರೆಲ್ಲ ಯಾರು? ದಿನಾ ಏನು ಮಾಡ್ತಾರೆ?"

ತಂಗಿ, ಇದಕ್ಕೆ ಒಂದು ಸಾಲಿನ ಉತ್ತರ ಕೊಟ್ಟು ಕಳಿಸಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಇಡೀ ವಿಡಿಯೋನೇ ನಿನಗೆ. ಮೊದಲು ಕೆಲಸ ಹೇಗಿರುತ್ತದೆ ಅಂತ ನೋಡೋಣ.

(ದೃಶ್ಯ: ಕತ್ತಲೆಯ ಕಡಲತೀರ. ಅಲೆಯ ಸದ್ದು ಮಾತ್ರ.)

ಕಡಲಾಮೆ ಅಂದ ಕೂಡಲೇ ನೀಲಿ ನೀರು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಈಜುವವರು ಕಣ್ಣಿಗೆ ಬರುತ್ತಾರೆ, ಅಲ್ವಾ? ಆದರೆ ನಮ್ಮ ದೇಶದಲ್ಲಿ ಈ ಕೆಲಸ ಜಾಸ್ತಿ ನಡೆಯುವುದು ಮರಳಿನ ಮೇಲೆ. ಅದೂ ರಾತ್ರಿ ಹೊತ್ತು, ಕಾಲ್ನಡಿಗೆಯಲ್ಲಿ.

ಜಗತ್ತಿನಲ್ಲಿ 7 ಜಾತಿಯ ಕಡಲಾಮೆಗಳಿವೆ. ಭಾರತದ ಕಡಲಿನಲ್ಲಿ 5 ಸಿಗುತ್ತವೆ. ಕರ್ನಾಟಕದ ತೀರಕ್ಕೆ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ. ಸುಮಾರು ಎರಡಡಿ ಉದ್ದ, 40 ಕಿಲೋ ಆಸುಪಾಸು ತೂಕ. ಗಂಡು ಆಮೆ ಮರಿಯಾಗಿ ನೀರಿಗೆ ಇಳಿದ ಮೇಲೆ ಸಾಮಾನ್ಯವಾಗಿ ಮತ್ತೆ ದಡ ಹತ್ತುವುದೇ ಇಲ್ಲ. ಹೆಣ್ಣು ಮಾತ್ರ ಬರುತ್ತದೆ, ಮೊಟ್ಟೆ ಇಡಲು. ಒಂದು ಗಂಟೆಯ ಹೊತ್ತು ಮೇಲಿದ್ದು ವಾಪಸ್ ಹೋಗುತ್ತದೆ. ಮನುಷ್ಯರಿಗೆ ಸಿಗುವ ಅವಕಾಶ ಅಷ್ಟೇ.

ಕಾಯುವವರು ನೀರಿನ ಅಂಚಿನುದ್ದಕ್ಕೂ ನಡೆಯುತ್ತಾರೆ. ಟಾರ್ಚ್ ಹಾಕುವುದಿಲ್ಲ. ಬೆಳಕು ಕಂಡರೆ ಆಮೆ ಮೊಟ್ಟೆ ಇಡದೆಯೇ ತಿರುಗಿ ಹೋಗಿಬಿಡಬಹುದು. ಕಣ್ಣು ಹುಡುಕುವುದು ಆಮೆಯನ್ನಲ್ಲ, ಅದು ನಡೆದ ಜಾಡನ್ನು. ನೀರಿನಿಂದ ಮೇಲಕ್ಕೆ ಒಂದು ಜಾಡು, ಮತ್ತೆ ನೀರಿನ ಕಡೆಗೆ ಒಂದು. ಎರಡೂ ಸೇರುವ ಕಡೆ ಮರಳು ಕೆದರಿರುತ್ತದೆ. ಗೂಡು ಅಲ್ಲೇ ಎಲ್ಲೋ ಇದೆ.

ಎಲ್ಲಿ ಅಂತ ಕಂಡುಹಿಡಿಯುವುದೇ ಕೈಚಳಕ. ಆಮೆ ಮೊಟ್ಟೆ ಇಟ್ಟ ಮೇಲೆ ಗುಂಡಿ ಮುಚ್ಚಿ, ಮೈಯನ್ನು ಎಡಕ್ಕೂ ಬಲಕ್ಕೂ ಎತ್ತಿ ಬಡಿದು ಮರಳನ್ನು ಗಟ್ಟಿ ಮಾಡುತ್ತದೆ. ಆಮೇಲೆ ಸುತ್ತಲೂ ಮರಳು ಎರಚುತ್ತದೆ, ಗುರುತು ಸಿಗಬಾರದು ಅಂತ. ಅನುಭವ ಇರುವವರು ಒಂದು ಸಣ್ಣ ಕೋಲಿನಿಂದ ಮೆಲ್ಲಗೆ ಚುಚ್ಚಿ ನೋಡುತ್ತಾರೆ. ಬೇರೆ ಕಡೆ ಕೋಲು ಗಟ್ಟಿ ತಾಗುತ್ತದೆ. ಗೂಡಿನ ಕತ್ತಿನ ಮೇಲೆ ಬಂದಾಗ ಸಲೀಸಾಗಿ ಒಳಗೆ ಇಳಿಯುತ್ತದೆ. ಅಲ್ಲಿ ಕೋಲು ಬದಿಗಿಟ್ಟು ಕೈಯಲ್ಲಿ ತೋಡಬೇಕು. ಕೊನೆಯ ಗೇಣು ಬರೀ ಬೆರಳ ತುದಿಯಲ್ಲಿ. ಒಂದೂವರೆ ಅಡಿ ಆಳದ ಗುಂಡಿ, ಬಾಯಿ ಕಿರಿದು, ಹೊಟ್ಟೆ ಅಗಲ. ಹಿಂಗಾಲುಗಳನ್ನು ಒಂದಾದ ಮೇಲೆ ಒಂದು ಆಡಿಸಿ ಆಮೆ ಅದನ್ನು ತೋಡಿರುತ್ತದೆ. ಅದಕ್ಕೆ ಗುಂಡಿಯ ಒಳಗೆ ಕಾಣುವುದೇ ಇಲ್ಲ, ಆದರೂ ಆಕಾರ ತಪ್ಪುವುದಿಲ್ಲ.

(ದೃಶ್ಯ: ಮರಳಿನೊಳಗೆ ಕೈ. ಬಿಳಿ ಮೊಟ್ಟೆಗಳು ಒಂದೊಂದಾಗಿ ಹೊರಗೆ.)

ಮೊಟ್ಟೆ ಪಿಂಗ್‌ಪಾಂಗ್ ಚೆಂಡಿನ ಗಾತ್ರ. ಕೋಳಿಮೊಟ್ಟೆಯ ಹಾಗೆ ಗಟ್ಟಿ ಚಿಪ್ಪಿಲ್ಲ, ಒತ್ತಿದರೆ ತಗ್ಗುತ್ತದೆ. ಒಂದು ಗೂಡಿನಲ್ಲಿ 100ರ ಆಸುಪಾಸು ಇರುತ್ತವೆ. ನಾಯಿ, ನರಿ, ಕಳ್ಳರು, ಉಬ್ಬರದ ನೀರು, ಇವುಗಳ ಭಯ ಇಲ್ಲದಿದ್ದರೆ ಗೂಡನ್ನು ಇದ್ದಲ್ಲೇ ಬಿಟ್ಟು ಸುತ್ತ ಬಲೆ ಕಟ್ಟುವುದು ಒಳ್ಳೆಯದು. ಭಯ ಇದ್ದರೆ ಹ್ಯಾಚರಿಗೆ, ಅಂದರೆ ಮರಿಯಾಗುವ ತನಕ ಮೊಟ್ಟೆ ಕಾಯುವ ಬೇಲಿ ಹಾಕಿದ ಜಾಗಕ್ಕೆ, ಸಾಗಿಸಬೇಕು. ಇಲ್ಲಿ ಗಡಿಯಾರ ನೋಡಿಕೊಂಡೇ ಕೆಲಸ. ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಒಳಗಿನ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ಮಗುಚಿದರೆ ಅದು ಸತ್ತುಹೋಗುತ್ತದೆ. ಹಾಗಾಗಿ ತಡ ಮಾಡುವ ಹಾಗಿಲ್ಲ, ಅಲ್ಲಾಡಿಸುವ ಹಾಗಿಲ್ಲ. ಮೂಲ ಗೂಡು ಎಷ್ಟು ಆಳ ಇತ್ತೋ ಅಷ್ಟೇ ಆಳದಲ್ಲಿ ಹೊಸ ಗುಂಡಿ.

ಅಲ್ಲಿಂದ 45ರಿಂದ 60 ದಿನ ಕಾವಲು. ಮರಳಿನ ಬಿಸಿಯನ್ನೂ ನೋಡಿಕೊಳ್ಳಬೇಕು. ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಮರಳಿನ ಬಿಸಿಯೇ ನಿರ್ಧರಿಸುತ್ತದೆ. ಸುಮಾರು 29 ಡಿಗ್ರಿಗಿಂತ ಜಾಸ್ತಿ ಆದರೆ ಹೆಣ್ಣು ಹೆಚ್ಚು, ಕಡಿಮೆ ಆದರೆ ಗಂಡು ಹೆಚ್ಚು. ತೀರಾ ಬಿಸಿಯಾದರೆ ಮೊಟ್ಟೆಯೇ ಹಾಳು. ಬೇಸಿಗೆ ಏರುತ್ತಾ ಹೋದ ಹಾಗೆ ಹ್ಯಾಚರಿಗಳಲ್ಲಿ ನೆರಳು ಕಟ್ಟುವುದು ಅದಕ್ಕೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮರಿ ಬಿಡುವ ಸಮಾರಂಭಗಳಲ್ಲಿ, ಅತಿಥಿಗಳು ಬರಲಿ, ಫೋಟೋ ಆಗಲಿ ಅಂತ ಮರಿಗಳನ್ನು ಗಂಟೆಗಟ್ಟಲೆ ಬುಟ್ಟಿಯಲ್ಲಿ ಇಡುವುದುಂಟು. ಅದು ತಪ್ಪು. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿ ಭಾಗದ ಶಕ್ತಿಯಲ್ಲೇ ಮರಿ ಮೊದಲ ದಿನ ನಿಲ್ಲದೆ ಈಜಿ ದಡದಿಂದ ದೂರ ಹೋಗಬೇಕು. ಆ ಶಕ್ತಿ ಬುಟ್ಟಿಯಲ್ಲೇ ಒದ್ದಾಡಿ ಖರ್ಚಾದರೆ ಕಡಲಿನಲ್ಲಿ ಏನು ಮಾಡೀತು? ರಾತ್ರಿ ಹೊರಬಂದ ಮರಿಯನ್ನು ರಾತ್ರಿಯೇ ಬಿಡಬೇಕು, ಮರಳಿನ ಮೇಲೆ ತಾನೇ ನಡೆದು ಹೋಗಲು ಬಿಡಬೇಕು.

(ದೃಶ್ಯ: ಭಾರತದ ನಕ್ಷೆ. ಲಕ್ಷದ್ವೀಪದ ಮೇಲೆ ಒಂದು ಚುಕ್ಕೆ.)

ಇನ್ನು ಜನರ ಕಥೆಗೆ ಬರೋಣ.

ಸತೀಶ್ ಭಾಸ್ಕರ್ ಅನ್ನುವ ಹೆಸರನ್ನು ನೆನಪಿಟ್ಟುಕೋ ತಂಗಿ. ಮದ್ರಾಸ್ ಐಐಟಿಯ ಓದನ್ನು ಅರ್ಧಕ್ಕೆ ಬಿಟ್ಟವರು. 1970ರ ದಶಕದಲ್ಲಿ ಮದ್ರಾಸಿನ ಹಾವು ಪಾರ್ಕಿನ ಗೆಳೆಯರ ಜೊತೆ ಸೇರಿಕೊಂಡು ಕಡಲಾಮೆಯ ಹಿಂದೆ ಬಿದ್ದರು. ಭಾರತದ ಯಾವ ತೀರದಲ್ಲಿ ಯಾವ ಆಮೆ ಗೂಡು ಮಾಡುತ್ತದೆ ಅಂತ ಆಗ ಸರಿಯಾದ ಲೆಕ್ಕವೇ ಇರಲಿಲ್ಲ. ಇವರು ಸಾವಿರಾರು ಕಿಲೋಮೀಟರ್ ತೀರವನ್ನು ನಡೆದೇ ಆ ಲೆಕ್ಕ ಕಟ್ಟಿದರು. 1982ರ ಮಳೆಗಾಲದಲ್ಲಿ ಲಕ್ಷದ್ವೀಪದ ಸುಹೇಲಿ ವಲಿಯಕರ ಅನ್ನುವ, ಜನವಸತಿ ಇಲ್ಲದ ದ್ವೀಪದಲ್ಲಿ ತಿಂಗಳುಗಟ್ಟಲೆ ಒಬ್ಬರೇ ಇದ್ದರು. ಹಸಿರು ಕಡಲಾಮೆ ಅಲ್ಲಿ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಆ ಹೊತ್ತಿನಲ್ಲಿ ದೋಣಿಗಳು ಓಡಾಡುವುದಿಲ್ಲ. ಹೆಂಡತಿಗೆ ಬರೆದ ಕಾಗದವನ್ನು ಬಾಟಲಿಯಲ್ಲಿಟ್ಟು ಕಡಲಿಗೆ ಎಸೆದರು. ಅದು ಶ್ರೀಲಂಕಾದ ಒಬ್ಬ ಮೀನುಗಾರನ ಕೈಗೆ ಸಿಕ್ಕಿತು, ಅವನು ಅದನ್ನು ಅಂಚೆಗೆ ಹಾಕಿ ತಲುಪಿಸಿದ! 2023ರಲ್ಲಿ ಸತೀಶ್ ತೀರಿಕೊಂಡರು. ಈಗ ಕಡಲಾಮೆಯ ಬಗ್ಗೆ ಕೆಲಸ ಮಾಡುವವರೆಲ್ಲ ಅವರ ನಡಿಗೆಯ ಲೆಕ್ಕದ ಮೇಲೆಯೇ ನಿಂತಿದ್ದಾರೆ ಅಂದರೆ ಅದು ಹೆಚ್ಚಿನ ಮಾತಲ್ಲ.

ಚೆನ್ನೈಯಲ್ಲಿ 1988ರಿಂದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ ಇದೆ. ಹಗಲು ಕಾಲೇಜು, ಕೆಲಸ. ಸೀಸನ್‌ನಲ್ಲಿ ರಾತ್ರಿ ತೀರದಲ್ಲಿ ನಡಿಗೆ. ಸಂಬಳ ಇಲ್ಲ. ತಲೆಮಾರು ಬದಲಾಗುತ್ತಾ ಬಂದರೂ ನಡಿಗೆ ನಿಂತಿಲ್ಲ.

ನಮಗೆ ಇನ್ನೂ ಹತ್ತಿರದ್ದು ಅಂದರೆ ಮಾಕುಟ್ಟ ಘಾಟಿ ಇಳಿದು, ಕಣ್ಣೂರು ದಾಟಿ ದಕ್ಷಿಣಕ್ಕೆ ಹೋದರೆ ಸಿಗುವ ಕೇರಳದ ಪಯ್ಯೋಳಿ. ಅಲ್ಲಿನ ಕೊಳಾವಿಪಾಲಂ ತೀರದಲ್ಲಿ 1992ರಲ್ಲಿ ಮೀನುಗಾರರ ಹುಡುಗರೇ ಗೂಡು ಕಾಯಲು ಶುರು ಮಾಡಿದರು. ಅವರ ಸಂಘದ ಹೆಸರು 'ತೀರಂ'. ಮೊಟ್ಟೆ ತಿನ್ನುವ ರೂಢಿ ಇದ್ದ ಊರು ಅದು. ಬೇರೆ ಊರಿನವರು ಬಂದು ಬುದ್ಧಿ ಹೇಳಿದ್ದರೆ ಯಾರು ಕೇಳುತ್ತಿದ್ದರು? ತಮ್ಮ ಮನೆಯ ಹುಡುಗರೇ ರಾತ್ರಿ ನಿದ್ದೆ ಬಿಟ್ಟು ಕಾಯುವುದನ್ನು ಕಂಡಾಗ ಮಾತು ಬೇರೆ. ನನ್ನ ಪ್ರಕಾರ ಕಡಲಾಮೆ ಉಳಿದಿರುವುದೇ ಇಂಥವರಿಂದ. ನಮ್ಮ ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯೂ ಅಷ್ಟೇ. ಗೂಡಿನ ಸುದ್ದಿ ಬಹಳ ಸಲ ಮೊದಲು ಬರುವುದು ನಸುಕಿಗೆ ತೀರಕ್ಕೆ ಹೋದ ಮೀನುಗಾರರಿಂದ, ಆಮೇಲೆ ಅರಣ್ಯ ಇಲಾಖೆಯವರು ಬರುತ್ತಾರೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರು ಯೋಜನೆ ಬೇಡ ಅಂತ ನಿಂತ ಮೀನುಗಾರರು ತಮ್ಮ ಮನೆಗಳ ಜೊತೆಗೆ ಕಡಲಾಮೆಯ ಗೂಡುಗಳ ಮಾತನ್ನೂ ಎತ್ತಿದರು.

ಹಾಗಂತ ಮೀನುಗಾರಿಕೆಗೂ ಆಮೆಗೂ ಜಗಳವೇ ಇಲ್ಲ ಅಂತಲ್ಲ. ಆಮೆ ಉಸಿರಾಡಲು ನೀರಿನ ಮೇಲೆ ಬರಲೇಬೇಕು. ಟ್ರಾಲ್ ಬಲೆಯನ್ನು ಗಂಟೆಗಟ್ಟಲೆ ಎಳೆಯುವಾಗ ಒಳಗೆ ಸಿಕ್ಕಿಕೊಂಡ ಆಮೆ ಉಸಿರುಗಟ್ಟಿ ಸಾಯುತ್ತದೆ. 2025ರ ಜನವರಿಯಲ್ಲಿ ಚೆನ್ನೈ ಸುತ್ತಮುತ್ತ ದಡಕ್ಕೆ ಬಂದು ಬಿದ್ದ ಸತ್ತ ಆಮೆಗಳು ಸಾವಿರಕ್ಕೂ ಹೆಚ್ಚು. ಇದಕ್ಕೆ ಟೆಡ್ ಅನ್ನುವ ಸಾಧನ ಇದೆ. ಬಲೆಯ ಒಳಗೆ ಒಂದು ಕಂಬಿಯ ಜಾಲರಿ. ಸಿಗಡಿ, ಮೀನು ಕಂಬಿಯ ಸಂದಿಯಲ್ಲಿ ಹಿಂದಕ್ಕೆ ಹೋಗುತ್ತವೆ, ಆಮೆ ಅದಕ್ಕೆ ತಾಗಿ ಬಲೆಯ ಮೇಲೋ ಕೆಳಗೋ ಇರುವ ಬಾಗಿಲಿನಿಂದ ಹೊರಬೀಳುತ್ತದೆ. ಆಮೆಯ ಜೊತೆ ಮೀನೂ ಹೋಗಿಬಿಡುತ್ತದೆ ಅನ್ನುವುದು ಬೋಟಿನವರ ಆತಂಕ. ಡೀಸೆಲ್ ದರ ನೋಡಿದರೆ ಅವರ ಆತಂಕ ಸುಮ್ನೆ ಅಲ್ಲ. 2018ರಿಂದ ಅಮೆರಿಕ, ಟೆಡ್ ಬಳಕೆ ಸರಿಯಾಗಿಲ್ಲ ಅಂತ ಭಾರತದ ಕಡಲಿನಿಂದ ಹಿಡಿದ ಸಿಗಡಿ ತರಿಸುವುದನ್ನು ನಿಲ್ಲಿಸಿತು. ಬೋಟಿನವರ ಜೊತೆ ಕೂತು, ಅವರ ನಷ್ಟದ ಲೆಕ್ಕವನ್ನೂ ಕೇಳಿ, ದಾರಿ ಹುಡುಕುವುದು ಕೂಡ ಕಡಲಾಮೆಯ ಕೆಲಸವೇ. ಗೂಡು ಕಾಯುವುದಕ್ಕಿಂತ ಇದು ಕಷ್ಟ.

(ದೃಶ್ಯ: ರುಷಿಕುಲ್ಯ ತೀರದಲ್ಲಿ ಸಾವಿರಾರು ಆಮೆಗಳು.)

ಒಳ್ಳೆಯ ಸುದ್ದಿಯೂ ಇದೆ. ಒಡಿಶಾದ ರುಷಿಕುಲ್ಯ ತೀರದಲ್ಲಿ 2025ರ ಫೆಬ್ರವರಿಯಲ್ಲಿ ಸುಮಾರು 7 ಲಕ್ಷ ಆಮೆಗಳು ಮೊಟ್ಟೆ ಇಟ್ಟವು. ಅದೇ ವರ್ಷ ಇನ್ನೊಂದು ಅಚ್ಚರಿ. 2021ರಲ್ಲಿ ಒಡಿಶಾದಲ್ಲಿ ಈಜುಗಾಲಿಗೆ ಲೋಹದ ಬಿಲ್ಲೆ ಹಾಕಿದ್ದ ಒಂದು ಆಮೆ ಮಹಾರಾಷ್ಟ್ರದ ಗುಹಾಗರ ತೀರದಲ್ಲಿ ಮೊಟ್ಟೆ ಇಡುತ್ತಾ ಸಿಕ್ಕಿತು. ಅದರ ಸಂಖ್ಯೆ 03233. ಸುಮಾರು 3,500 ಕಿಲೋಮೀಟರ್ ದಾರಿ! ಪೂರ್ವದ ಆಮೆ ಬೇರೆ, ಪಶ್ಚಿಮದ ಆಮೆ ಬೇರೆ ಅಂದುಕೊಂಡವರು ಮತ್ತೆ ಯೋಚಿಸಬೇಕಾಯಿತು. ಬಿಲ್ಲೆ ಹಾಕಿದವರು ಒಂದು ತೀರದಲ್ಲಿ, ನಂಬರ್ ಓದಿ ಬರೆದುಕೊಂಡವರು ಇನ್ನೊಂದು ತೀರದಲ್ಲಿ. ಇಬ್ಬರಲ್ಲಿ ಒಬ್ಬರು ಸೋಮಾರಿತನ ಮಾಡಿದ್ದರೂ ಇದು ಗೊತ್ತಾಗುತ್ತಿರಲಿಲ್ಲ.

(ದೃಶ್ಯ: ಭಾಗಮಂಡಲ. ಕಾವೇರಿ, ಕನ್ನಿಕೆ ಸೇರುವ ಜಾಗ.)

ಈಗ ಕೊಡಗಿಗೆ ಬರೋಣ. ನಮಗೆ ಕಡಲಿಲ್ಲ, ನಿಜ. ಆದರೆ ನಮ್ಮ ಜಿಲ್ಲೆಯ ನೀರು ಎರಡೂ ಕಡಲಿಗೆ ಹೋಗುತ್ತದೆ. ಕಾವೇರಿ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಪಯಸ್ವಿನಿ ಸಂಪಾಜೆ, ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಬರಪೊಳೆ ವಳಪಟ್ಟಣಂ ಹೊಳೆಗೆ ಸೇರಿ ಕಣ್ಣೂರಿನ ಹತ್ತಿರ ಕಡಲು ಮುಟ್ಟುತ್ತದೆ. ಮೂರೂ ಕಡೆಯ ತೀರಪ್ರದೇಶದಲ್ಲಿ ಆಲಿವ್ ರಿಡ್ಲೆ ಮೊಟ್ಟೆ ಇಡುತ್ತದೆ.

ಆ ಮೊಟ್ಟೆಗೆ ಮರಳು ಬೇಕು. ಆ ಮರಳಿನಲ್ಲಿ ದೊಡ್ಡ ಪಾಲು ಬೆಟ್ಟದ ಕಲ್ಲು ಸವೆದು, ಹೊಳೆಯಲ್ಲಿ ಉರುಳಿ, ಅಳಿವೆಯಲ್ಲಿ ಹೊರಬಿದ್ದು ಬಂದದ್ದು. ಕಾವೇರಿಯ ಮರಳಿಗೆ ಕೆಆರ್‌ಎಸ್, ಮೆಟ್ಟೂರು ಅಣೆಕಟ್ಟುಗಳು ಅಡ್ಡ ಇವೆ. ಉಳಿದ ಹೊಳೆಗಳಲ್ಲಿ ಲಾರಿಗಟ್ಟಲೆ ತೆಗೆಯುತ್ತೇವೆ. ಮರಳು ಬಾರದಿದ್ದರೆ ಕಡಲು ದಡವನ್ನೇ ತಿನ್ನುತ್ತದೆ. ಕಡಲ್ಕೊರೆತ ಅಂತ ಕಲ್ಲಿನ ಗೋಡೆ ಕಟ್ಟುತ್ತಾರೆ. ಕಲ್ಲಿನ ಗೋಡೆಯ ಮೇಲೆ ಆಮೆ ಹತ್ತಲಾರದು. ಕೊಳಾವಿಪಾಲಂನಲ್ಲಿ ಆದದ್ದೂ ಅದೇ. ಅಳಿವೆಯಲ್ಲಿ ಮರಳು ತೆಗೆದು ತೆಗೆದು, ಹುಡುಗರು ಕಾಯುತ್ತಿದ್ದ ತೀರವೇ ಕೊಚ್ಚಿಹೋಗುತ್ತಾ ಬಂತು. ಅವರು ಮರಳುಗಾರಿಕೆಯ ವಿರುದ್ಧವೂ ಹೋರಾಡಬೇಕಾಯಿತು. ಕುಶಾಲನಗರದ ಸೇತುವೆಯಿಂದ ಕಾವೇರಿಗೆ ಬೀಳುವ ಕಸದ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಹೊಳೆ ಕಾಯುವುದು ನಮ್ಮವರಿಗೆ ಹೊಸದೂ ಅಲ್ಲ. ವಾಲ್ನೂರು ಕಡೆ ಕಾವೇರಿಯಲ್ಲಿ ಮಹಶೀರ್ ಮೀನು ಉಳಿಯಲಿ ಅಂತ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಕಾವಲು ಕಾದಿದ್ದಾರೆ.

ಹಾಗಾದರೆ ಓದು? ತಂಗಿ, ದಾರಿ ಒಂದೇ ಅಲ್ಲ. ನಿನ್ನ ಹತ್ತಿರದಲ್ಲೇ ಪೊನ್ನಂಪೇಟೆ ಅರಣ್ಯ ಕಾಲೇಜು ಇದೆ. ಕಡಲಾಮೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದರ ಜವಾಬ್ದಾರಿ ಅರಣ್ಯ ಇಲಾಖೆಯದ್ದೇ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಕಡಲು, ಬಲೆ, ಬೋಟು ಎಲ್ಲ ಕಲಿಯಬಹುದು. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ಇದೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್‌ನಂಥ ಸಂಸ್ಥೆಗಳು ಒಡಿಶಾ, ಅಂಡಮಾನ್‌ಗಳಲ್ಲಿ ವರ್ಷಗಳಿಂದ ಆಮೆಗಳ ಲೆಕ್ಕ ಇಡುತ್ತಿವೆ. ಮನೆಯವರಿಗೂ ಒಂದು ಮಾತು: ಇಂಥ ಕೆಲಸ ಹೆಚ್ಚಾಗಿ ಪ್ರಾಜೆಕ್ಟ್ ಇರುವ ತನಕ ಮಾತ್ರ. ಸಂಬಳ ದೊಡ್ಡದಲ್ಲ. ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಸರಿಯಲ್ಲ. ಜೊತೆಗೆ ತುಳು, ಮಲಯಾಳ, ಕೊಂಕಣಿ, ಯಾವುದಾದರೂ ಒಂದು ಕಲಿತುಕೋ. ತೀರದಲ್ಲಿ ಪದವಿಗಿಂತ ಮೊದಲು ಬೇಕಾಗುವುದು ಮಾತು.

ಇನ್ನು ರಜೆಗೆ ಕಡಲತೀರಕ್ಕೆ ಹೋಗುವ ಉಳಿದವರಿಗೆ. ಡಿಸೆಂಬರ್‌ನಿಂದ ಏಪ್ರಿಲ್ ತನಕ ನಮ್ಮ ಕರಾವಳಿಯಲ್ಲಿ ಗೂಡಿನ ಕಾಲ. ರಾತ್ರಿ ತೀರದಲ್ಲಿ ಬೆಂಕಿ ಹಾಕಬೇಡಿ, ಜೀಪು ಇಳಿಸಬೇಡಿ. ಆಮೆ ಕಂಡರೆ ಹಿಂದೆ ಸರಿದು ನಿಲ್ಲಿ, ಫ್ಲ್ಯಾಶ್ ಹಾಕಬೇಡಿ. ಮರಿಗಳು ದೀಪದ ಕಡೆ, ರಸ್ತೆಯ ಕಡೆ ಹೋಗುತ್ತಿದ್ದರೆ ಮೊದಲು ಆ ದೀಪ ಆರಿಸಿ. ಗೂಡು ಕಂಡರೆ ನೀವೇ ತೋಡಲು ಹೋಗಬೇಡಿ. ಹತ್ತಿರದ ಮನೆಯ ಮೀನುಗಾರರಿಗೆ ಹೇಳಿ, ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರು ಬರುವ ತನಕ ನಾಯಿಗಳನ್ನು ದೂರ ಇಡಿ.